ಮಿನಿ ಟ್ರಾಕ್ಟರ್‌ನ ಫೋರ್ ವೀಲ್ ಎಳೆಯುತ್ತಿಲ್ಲವೇ? ಬಿಚ್ಚುವ ಮೊದಲು ದೋಷ ಹುಡುಕುವ ಕ್ರಮ

ಮಳೆ ಹಿಡಿದು ಗದ್ದೆ ಕೆಸರಾದಾಗಲೇ ಫೋರ್ ವೀಲ್, ಎಂದರೆ ಮುಂದಿನ ಚಕ್ರಕ್ಕೂ ಎಂಜಿನ್ ಶಕ್ತಿ ಕೊಡುವ ಏರ್ಪಾಡು, ಬೇಕಾಗುವುದು, ಅದು ಕೈಕೊಡುವುದೂ ಆಗಲೇ. ಲಿವರ್ ಹಾಕಿದ್ದರೂ ಹಿಂದಿನ ಟೈರು ಮಾತ್ರ ಕೆಸರು ಎರಚುತ್ತಿರುತ್ತದೆ, ಮುಂದಿನದು ಸುಮ್ಮನೆ ನಿಂತಿರುತ್ತದೆ. ಆಗ ಹೆಚ್ಚಿನವರು ಮೊದಲು ಆಡುವ ಮಾತು, "ಮುಂದಿನ ಆಕ್ಸಲ್ ಹೋಯ್ತು, ಬಿಚ್ಚಬೇಕು." ಆಕ್ಸಲ್ ಬಿಚ್ಚುವುದೆಂದರೆ ಎರಡು ಮೂರು ದಿನ ಗಾಡಿ ನಿಂತಂತೆ. ಎಷ್ಟೋ ಸಲ ಕೊನೆಗೆ ಸಿಗುವ ದೋಷ ಒಂದು ಸಣ್ಣ ಸ್ಪ್ರಿಂಗ್ ಪಿನ್ನೋ, ಕೆಸರು ತುಂಬಿ ಬಿಗಿದ ಲಿವರೋ, ಅಳತೆ ತಪ್ಪಿದ ಟೈರೋ ಆಗಿರುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಒಂದೇ: ದೋಷ ಇರುವುದು ಗೇರ್‌ಬಾಕ್ಸಿನಿಂದ ಮುಂದಿನ ಆಕ್ಸಲಿಗೆ ಹೋಗುವ ನಡುವಿನ ಶಾಫ್ಟಿನ ಹಿಂದೆಯೋ, ಮುಂದೆಯೋ, ಶಾಫ್ಟಿನಲ್ಲೇಯೋ? ಇದಕ್ಕೆ ಒಂದು ಜಾಕಿ, ಎರಡು ಸ್ಟ್ಯಾಂಡ್, ಮರದ ಬೆಣೆ, ಒಂದು ಸೀಮೆಸುಣ್ಣದ ತುಂಡು, ಇನ್ನೊಬ್ಬರ ಸಹಾಯ ಇದ್ದರೆ ಸಾಕು.

ಶಕ್ತಿ ಹೋಗುವ ದಾರಿ

18ರಿಂದ 30 ಎಚ್‌ಪಿ ಒಳಗಿನ ಗಾಡಿಗಳಲ್ಲಿ ಏರ್ಪಾಡು ಬಹುಪಾಲು ಒಂದೇ ರೀತಿ ಇರುತ್ತದೆ. ಹಿಂದಿನ ಚಕ್ರಕ್ಕೆ ಹೋಗುವ ಪಿನಿಯನ್ (ಸಣ್ಣ ಗೇರ್) ಶಾಫ್ಟಿನಿಂದಲೇ ಒಂದು ಗೇರ್ ಮುಂದಕ್ಕೆ ಶಕ್ತಿ ಕೊಡುತ್ತದೆ. ಫೋರ್ ವೀಲ್ ಲಿವರ್ ಎಳೆದಾಗ ಗೇರ್‌ಬಾಕ್ಸ್ ಒಳಗಿನ ಫೋರ್ಕ್ ಒಂದು ಜಾರುವ ಗೇರನ್ನು ತಳ್ಳಿ ಹಲ್ಲಿಗೆ ಹಲ್ಲು ಕೂರಿಸುತ್ತದೆ. ಅಲ್ಲಿಂದ ಹೊರಬರುವ ಗಿಡ್ಡ ಶಾಫ್ಟಿಗೆ ಕಪ್ಲಿಂಗ್, ಅದರ ಮುಂದೆ ಗಾಡಿಯ ಹೊಟ್ಟೆಯಡಿ ಕೊಳವೆಯೊಳಗೆ ಸಾಗುವ ಉದ್ದ ಶಾಫ್ಟ್, ಅದರ ತುದಿಗೆ ಇನ್ನೊಂದು ಕಪ್ಲಿಂಗ್, ಆಮೇಲೆ ಆಕ್ಸಲಿನ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರಾದ ಕ್ರೌನ್ ವೀಲ್, ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್. ಅಲ್ಲಿಂದ ಎರಡೂ ಬದಿಗೆ ಶಾಫ್ಟ್, ಚಕ್ರ ತಿರುಗುವ ಮೂಲೆಯಲ್ಲಿ ಶಕ್ತಿಯ ದಿಕ್ಕು ತಿರುಗಿಸುವ ಬೆವೆಲ್ ಗೇರ್, ಕೊನೆಗೆ ಚಕ್ರ ಕೂರುವ ಹಬ್. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಮೇಲಿನಿಂದ ಕಾಣುವ ಲಕ್ಷಣ ಒಂದೇ. ಅದಕ್ಕೇ ಲಕ್ಷಣ ನೋಡಿ ಊಹೆ ಮಾಡಿದರೆ ತಪ್ಪುತ್ತದೆ.

ದೋಷವಲ್ಲದ್ದನ್ನು ದೋಷ ಎಂದುಕೊಳ್ಳಬೇಡಿ

ಸಣ್ಣ ಟ್ರಾಕ್ಟರ್‌ಗಳ ಮುಂದಿನ ಡಿಫರೆನ್ಷಿಯಲ್ ಹೆಚ್ಚಾಗಿ ಲಾಕ್ (ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಹಿಡಿ) ಇಲ್ಲದ್ದು. ಬಲಗಡೆ ಟೈರು ಬಸಿಗಾಲುವೆಗೆ ಇಳಿದು ಅಲ್ಲಿ ಹಿಡಿತ ಇಲ್ಲದಿದ್ದರೆ ಅದೊಂದೇ ಗಿರಗಿರ ತಿರುಗುತ್ತದೆ, ಎಡಗಡೆಯದು ನಿಲ್ಲುತ್ತದೆ. ಇದು ಡಿಫರೆನ್ಷಿಯಲಿನ ಸಹಜ ಗುಣ. "ಮುಂದೆ ಒಂದೇ ಚಕ್ರ ತಿರುಗುತ್ತದೆ, ಇನ್ನೊಂದು ಹೋಗಿದೆ" ಎಂದು ಆಕ್ಸಲ್ ಬಿಚ್ಚಿಸಬೇಡಿ. ಒಂದು ಚಕ್ರ ತಿರುಗುತ್ತಿದೆ ಎಂದರೆ ಪಿನಿಯನ್‌ವರೆಗೆ ಶಕ್ತಿ ಬಂದಿದೆ ಎಂದೇ ಅರ್ಥ. ಆಗ ಬೇಕಾದ್ದು ಹಿಂದಿನ ಡಿಫರೆನ್ಷಿಯಲ್ ಲಾಕ್, ಅದನ್ನೂ ಸ್ಟೇರಿಂಗ್ ನೇರ ಇಟ್ಟುಕೊಂಡು ಒತ್ತಬೇಕು.

ಹಾಗೆಯೇ ಸಿಮೆಂಟ್ ಅಂಗಳದಲ್ಲಿ ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಮೂತಿ ಜಗ್ಗಿ ಜಗ್ಗಿ ಹೋಗುವುದೂ ಸಹಜವೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಮಣ್ಣಿನಲ್ಲಾದರೆ ಟೈರು ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಸಿಮೆಂಟಿನ ಮೇಲೆ ಜಾರಲು ಜಾಗ ಇಲ್ಲ, ಬಿಗಿತವೆಲ್ಲ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ.

ಲಿವರ್ ಹೊರಗೆ ಬಾರದಿದ್ದರೆ

ಗೊಬ್ಬರದ ಟ್ರೈಲರ್ ಎಳೆದುಕೊಂಡು ಕೆಸರಿನ ದಾರಿಯಿಂದ ಡಾಂಬರಿಗೆ ಬಂದ ಮೇಲೂ ಫೋರ್ ವೀಲ್ ಬಿಡದೆ ಒಂದೆರಡು ಕಿಲೋಮೀಟರ್ ಓಡಿಸಿದರೆ ಲಿವರ್ ಕಲ್ಲಿನಂತೆ ಕೂರುತ್ತದೆ. ಮುಂದಿನ ಚಕ್ರ ತುಸು ಹೆಚ್ಚು ಓಡಲು ನೋಡುತ್ತದೆ, ಹಿಂದಿನದು ಬಿಡುವುದಿಲ್ಲ. ನಡುವಿನ ಶಾಫ್ಟ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ನಿಲ್ಲುತ್ತದೆ, ಜಾರುವ ಗೇರಿನ ಹಲ್ಲು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಆಗ ಲಿವರಿಗೆ ಸುತ್ತಿಗೆ ಏಟು ಕೊಟ್ಟರೆ ಫೋರ್ಕ್ ಬಾಗುತ್ತದೆ, ಹೊಸ ದೋಷ ಹುಟ್ಟುತ್ತದೆ. ಮಾಡಬೇಕಾದ್ದು ಇಷ್ಟು: ಸ್ಟೇರಿಂಗ್ ನೇರ ಮಾಡಿ, ಎರಡು ಮೂರು ಮೀಟರ್ ನಿಧಾನ ಹಿಂದಕ್ಕೆ ಬನ್ನಿ, ಕ್ಲಚ್ ಒತ್ತಿ ಲಿವರನ್ನು ಕೈಯಿಂದಲೇ ಬಿಡಿಸಿ. ಪಕ್ಕದಲ್ಲಿ ಮಣ್ಣಿನ ಜಾಗ ಇದ್ದರೆ ಗಾಡಿ ಅಲ್ಲಿಗೆ ಇಳಿಸಿ ಹೀಗೆ ಮಾಡಿದರೆ ಇನ್ನೂ ಸುಲಭ.

ಇಲ್ಲಿ ಒಂದು ಎಚ್ಚರ. ಹೆಚ್ಚಿನ ಸಣ್ಣ ಟ್ರಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿದಾಗ ಶಾಫ್ಟಿನ ಮೂಲಕ ಮುಂದಿನ ಚಕ್ರವೂ ತಡೆಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಹೊರೆ ಇಳಿಸುವಾಗ ಫೋರ್ ವೀಲ್ ಬೇಕು ಎನ್ನುವುದು ಇದೇ ಕಾರಣಕ್ಕೆ. ಫೋರ್ ವೀಲ್ ಕೆಟ್ಟಿದೆ ಎಂಬ ಅನುಮಾನ ಬಂದ ದಿನದಿಂದ ಆ ತಡೆಯೂ ಇಲ್ಲ ಎಂದೇ ತಿಳಿದು ಇಳಿಜಾರಿನ ಕೆಲಸ ನಿಲ್ಲಿಸಿ. ಹೊರೆ ತುಂಬಿದ ಟ್ರೈಲರ್ ಹಿಂದಿನಿಂದ ತಳ್ಳಿದಾಗ ಎರಡು ಚಕ್ರದ ಬ್ರೇಕು ಒದ್ದೆ ಮಣ್ಣಿನಲ್ಲಿ ಸಾಲುವುದಿಲ್ಲ.

ಎತ್ತಿ ನಿಲ್ಲಿಸುವುದು

ಪರೀಕ್ಷೆಗೆ ಸಮತಟ್ಟಾದ ಗಟ್ಟಿ ನೆಲ ಬೇಕು. ಅಂಗಳ ಒಳ್ಳೆಯದು, ತೋಟದ ದಾರಿ ಬೇಡ. ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಳ್ಳಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಹಿಂದೂ ಮುಂದೂ ಅಡ್ಡಗಲ್ಲು ಕೊಡಿ. ಹಿಂದೆ ರೋಟವೇಟರ್ ಇದ್ದರೆ ನೆಲಕ್ಕೆ ಇಳಿಸಿ.

ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೊಟ್ಟಿಲಿನಂತೆ ಆಡುತ್ತದೆ. ಒಂದು ಬದಿಗೆ ಮಾತ್ರ ಜಾಕಿ ಕೊಟ್ಟರೆ ಇನ್ನೊಂದು ಬದಿ ವಾಲಿ ಗಾಡಿ ಮಗುಚುವ ಅಪಾಯವಿದೆ. ಆದ್ದರಿಂದ ಆಕ್ಸಲ್ ಮತ್ತು ಫ್ರೇಮ್ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆ ಹೊಡೆದು ಆಟ ನಿಲ್ಲಿಸಿ. ಆಮೇಲೆ ನಡುವಿಗೆ ಜಾಕಿ ಕೊಟ್ಟು ಎತ್ತಿ, ಆಕ್ಸಲಿನ ಎರಡೂ ಬದಿಗೆ ಸ್ಟ್ಯಾಂಡ್ ಇಡಿ. ಟೈರು ನೆಲದಿಂದ ಎರಡು ಇಂಚು ಎದ್ದರೆ ಸಾಕು. ಸ್ಟ್ಯಾಂಡ್ ಇಲ್ಲವೆಂದು ಜಂಬಿಟ್ಟಿಗೆ ಕಲ್ಲು ಪೇರಿಸಬೇಡಿ. ಮಳೆಯಲ್ಲಿ ನೆನೆದ ಜಂಬಿಟ್ಟಿಗೆ ಭಾರಕ್ಕೆ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಅಡಿಕೆ ಮರದ ತುಂಡೂ ಬೇಡ, ಅದರ ಒಳಗೆ ಗಟ್ಟಿ ತಿರುಳಿಲ್ಲ. ಹಲಸು, ಮತ್ತಿಯಂಥ ಮರದ ಅಗಲ ದಿಮ್ಮಿ ಆದೀತು.

ಈ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. "ಚಕ್ರ ತಿರುಗುತ್ತದೋ ನೋಡೋಣ" ಎಂದು ಹಾಕಿದರೆ ನೆಲದ ಮೇಲಿರುವ ಹಿಂದಿನ ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಕೆಳಕ್ಕೆ ತಳ್ಳುತ್ತದೆ. ಇಲ್ಲಿ ಹೇಳುವ ಪರೀಕ್ಷೆ ಪೂರ್ತಿ ಕೈಯಿಂದ ಮಾಡುವಂಥದ್ದು.

ಸೀಮೆಸುಣ್ಣದ ಮೂರು ಗುರುತು

ಶಾಫ್ಟಿನ ಎರಡೂ ತುದಿಯ ರಬ್ಬರ್ ಬೂಟಿನ ಕ್ಲಿಪ್ ಸಡಿಲಿಸಿ ಬೂಟನ್ನು ಹಿಂದಕ್ಕೆ ಸರಿಸಿ. ಕೆಲವು ಗಾಡಿಯಲ್ಲಿ ರಬ್ಬರ್ ಬದಲು ತಗಡಿನ ಮುಚ್ಚಳ ಇರುತ್ತದೆ. ಕೆಸರು ಒರೆಸಿ ಮೂರು ಕಡೆ ಗುರುತು ಹಾಕಿ: ಗೇರ್‌ಬಾಕ್ಸಿನಿಂದ ಹೊರಬಂದ ಗಿಡ್ಡ ಶಾಫ್ಟಿನ ಮೇಲೆ ಒಂದು, ಉದ್ದ ಶಾಫ್ಟಿನ ಮೇಲೆ ಒಂದು, ಆಕ್ಸಲಿನೊಳಗೆ ಹೋಗುವ ಪಿನಿಯನ್ ತುದಿಯ ಮೇಲೆ ಒಂದು.

ಮೊದಲು ಫೋರ್ ವೀಲ್ ತೆಗೆದಿಟ್ಟು, ಇಬ್ಬರು ಆಚೆ ಈಚೆ ಕೂತು ಎರಡೂ ಮುಂದಿನ ಚಕ್ರವನ್ನು ಒಟ್ಟಿಗೆ ಮುಂದಕ್ಕೆ ತಿರುಗಿಸಿ. ಒಟ್ಟಿಗೆ, ಒಂದೇ ದಿಕ್ಕಿಗೆ ಎನ್ನುವುದು ಮುಖ್ಯ. ಒಂದನ್ನೇ ತಿರುಗಿಸಿದರೆ ಇನ್ನೊಂದು ಡಿಫರೆನ್ಷಿಯಲಿನಿಂದಾಗಿ ಉಲ್ಟಾ ತಿರುಗಿ, ಶಾಫ್ಟ್ ಅಲ್ಲಾಡದೆ ಮೋಸ ಮಾಡೀತು. ಸರಿಯಿರುವ ಗಾಡಿಯಲ್ಲಿ ಮೂರೂ ಗುರುತು ತಿರುಗಬೇಕು, ಶಾಫ್ಟ್ ಚಕ್ರಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಸುತ್ತಬೇಕು. ಈ ಹೊತ್ತಿನಲ್ಲೇ ಕಿವಿ ಕೊಡಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಟಕ್ ಎಂದರೆ ಮುರಿದ ಹಲ್ಲು. ಮರಳು ಅರೆದಂತೆ ಕೈಗೆ ತಾಗಿದರೆ ಬೇರಿಂಗ್. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ಇಟ್ಟು ಇದನ್ನೇ ಮತ್ತೆ ಮಾಡಿ. ತಿರುಗಿಸಿಟ್ಟಾಗ ಮಾತ್ರ ಸದ್ದು ಬಂದರೆ ಮೂಲೆಯ ಬೆವೆಲ್ ಗೇರ್ ಕಡೆ ಅನುಮಾನ ಪಡಬೇಕು.

ಈಗ ಫೋರ್ ವೀಲ್ ಹಾಕಿ. ಹಲ್ಲಿಗೆ ಹಲ್ಲು ಎದುರಾಗಿ ಲಿವರ್ ಕೂರದಿದ್ದರೆ ಮುಂದಿನ ಚಕ್ರಗಳನ್ನು ಒಟ್ಟಿಗೆ ಒಂದಿಷ್ಟು ತಿರುಗಿಸುತ್ತ ಹಾಕಿ, ಕೂತುಬಿಡುತ್ತದೆ. ಮತ್ತೆ ಇಬ್ಬರೂ ಸೇರಿ ಎರಡೂ ಚಕ್ರ ಮುಂದಕ್ಕೆ ತಿರುಗಿಸಲು ನೋಡಿ. ಹಿಂದಿನ ಚಕ್ರ ನೆಲ ಕಚ್ಚಿ ನಿಂತಿರುವುದರಿಂದ ಸ್ವಲ್ಪ ಆಟ ಆಡಿ ಗಟ್ಟಿಯಾಗಿ ನಿಲ್ಲಬೇಕು. ನಿಂತರೆ ಹಲ್ಲು, ಶಾಫ್ಟ್, ಆಕ್ಸಲ್ ಎಲ್ಲವೂ ಕೂಡಿಕೊಂಡಿವೆ ಎಂದರ್ಥ. ಆಗ ನೇರ ಟೈರಿನ ಭಾಗಕ್ಕೆ ಹೋಗಿ. ನಿಲ್ಲದೆ ತಿರುಗಿದರೆ ಗುರುತು ನೋಡಿ.

ಮೂರೂ ಗುರುತು ತಿರುಗಿದವು: ದೋಷ ಗೇರ್‌ಬಾಕ್ಸ್ ಕಡೆ. ಲಿವರ್, ಫೋರ್ಕ್ ಅಥವಾ ಜಾರುವ ಗೇರು ಕೂತಿಲ್ಲ.

ಪಿನಿಯನ್, ಉದ್ದ ಶಾಫ್ಟ್ ಎರಡೂ ತಿರುಗಿ ಗೇರ್‌ಬಾಕ್ಸಿನ ಗಿಡ್ಡ ಶಾಫ್ಟ್ ಮಾತ್ರ ನಿಂತಿತು: ಹಿಂದಿನ ಕಪ್ಲಿಂಗ್.

ಪಿನಿಯನ್ ಮಾತ್ರ ತಿರುಗಿತು, ಉದ್ದ ಶಾಫ್ಟ್ ನಿಂತಿತು: ಮುಂದಿನ ಕಪ್ಲಿಂಗ್.

ಚಕ್ರಗಳು ತಿರುಗುತ್ತಿವೆ, ಒಂದು ಗುರುತೂ ಅಲ್ಲಾಡಲಿಲ್ಲ: ದೋಷ ಆಕ್ಸಲಿನ ಒಳಗೆ. ಗುರುತಿನ ಲೆಕ್ಕದಲ್ಲಿ ಆಕ್ಸಲ್ ಬಿಚ್ಚಲೇಬೇಕಾದ್ದು ಇದೊಂದೇ ಸಂದರ್ಭದಲ್ಲಿ.

ಕಪ್ಲಿಂಗ್ ಮತ್ತು ಪಿನ್

ಕಪ್ಲಿಂಗ್ ಎಂದರೆ ಒಳಗೆ ಹಲ್ಲು ಕೊರೆದ ಒಂದು ಗಿಡ್ಡ ಕೊಳವೆ, ಅಷ್ಟೇ. ಎರಡು ಶಾಫ್ಟಿನ ಹಲ್ಲನ್ನು ಅದು ಹಿಡಿದುಕೊಂಡಿರುತ್ತದೆ. ಅದು ಆಚೀಚೆ ಜಾರದಂತೆ ಅಡ್ಡಕ್ಕೆ ಒಂದು ಸ್ಪ್ರಿಂಗ್ ಪಿನ್, ಕೆಲವು ಗಾಡಿಯಲ್ಲಿ ಉಂಗುರದಂಥ ಸರ್ಕ್ಲಿಪ್. ಪಿನ್ ತುಕ್ಕು ಹಿಡಿದು ತುಂಡಾದರೆ ಅಥವಾ ಉದುರಿದರೆ ಕಪ್ಲಿಂಗ್ ಮೆಲ್ಲಗೆ ಒಂದು ಕಡೆಗೆ ಜಾರಿ ಇನ್ನೊಂದು ಶಾಫ್ಟನ್ನು ಬಿಟ್ಟುಬಿಡುತ್ತದೆ. ಬೂಟ್ ಸರಿಸಿದ ಕೂಡಲೇ ಕಣ್ಣಿಗೆ ಕಾಣುವ ದೋಷ ಇದು.

ಪಿನ್ ಸರಿಯಿದ್ದೂ ಜಾರುತ್ತಿದ್ದರೆ ಹಲ್ಲು ಸವೆದಿದೆ. ಸರಿಯಾದ ಅಳತೆಯ ಪಂಚಿನಿಂದ ಪಿನ್ ಹೊಡೆದು ತೆಗೆದು ಕಪ್ಲಿಂಗನ್ನು ಶಾಫ್ಟಿನ ಮೇಲೆ ಹಿಂದಕ್ಕೆ ಜಾರಿಸಿ. ಒಳಗಿನಿಂದ ಕೆಂಪು ಪುಡಿ ಉದುರಿತೇ? ಅದು ಜಂಬಿಟ್ಟಿಗೆ ಮಣ್ಣಲ್ಲ. ಗ್ರೀಸ್ ಒಣಗಿ ಉಕ್ಕು ಉಕ್ಕಿಗೆ ತಿಕ್ಕಿ ಬಂದ ತುಕ್ಕಿನ ಪುಡಿ.  ಶಾಫ್ಟಿನ ಹಲ್ಲಿನ ತಲೆ ಚಪ್ಪಟೆಯಾಗಿರಬೇಕು. ಸವೆದು ಚಾಕುವಿನ ಬಾಯಿಯಂತೆ ಚೂಪಾಗಿದ್ದರೆ ಕಪ್ಲಿಂಗ್ ಒಂದನ್ನೇ ಬದಲಿಸಿ ಉಪಯೋಗವಿಲ್ಲ. ಹಳೆಯ ಹಲ್ಲು ಹೊಸ ಕಪ್ಲಿಂಗನ್ನು ಒಂದೇ ಹಂಗಾಮಿನಲ್ಲಿ ತಿನ್ನುತ್ತದೆ, ಶಾಫ್ಟೂ ಸೇರಿಸಿ ಹಾಕಬೇಕು.

ಪಿನ್ನಿನ ಜಾಗಕ್ಕೆ ಮೊಳೆ, ವೆಲ್ಡಿಂಗ್ ರಾಡಿನ ತುಂಡು, ಸಣ್ಣ ಬೋಲ್ಟ್ ಹಾಕುವ ಪದ್ಧತಿ ಇದೆ. ಮೊಳೆ ಮೆದು, ಬೇಗ ತುಂಡಾಗುತ್ತದೆ. ಬೋಲ್ಟಿನ ತಲೆ ಕೊಳವೆಗೆ ತಾಗಿ ಅದನ್ನೇ ಕೊರೆಯುತ್ತದೆ. ಇನ್ನೂ ಕೆಟ್ಟದ್ದು, ಕಪ್ಲಿಂಗನ್ನು ಶಾಫ್ಟಿಗೆ ವೆಲ್ಡ್ ಮಾಡಿಸುವುದು. ಶಾಖಕ್ಕೆ ಶಾಫ್ಟಿನ ಹದ ಹೋಗಿ ವೆಲ್ಡಿನ ಪಕ್ಕದಲ್ಲೇ ಮುರಿಯುತ್ತದೆ, ಅಲ್ಲಿಯವರೆಗೆ ವಾಲಿಕೊಂಡು ಸುತ್ತಿ ಎರಡೂ ಕಡೆಯ ಆಯಿಲ್ ಸೀಲ್ ಹಾಳು ಮಾಡುತ್ತದೆ. ಮುಂದೆ ಎಂದಾದರೂ ಗೇರ್‌ಬಾಕ್ಸ್ ಬೇರೆ ಮಾಡಬೇಕಾದರೆ ಶಾಫ್ಟನ್ನು ಕತ್ತರಿಸದೆ ಬೇರೆ ದಾರಿಯಿರುವುದಿಲ್ಲ. ದಯವಿಟ್ಟು ಇದನ್ನು ಮಾಡಿಸಬೇಡಿ.

ಕೂರಿಸುವಾಗ ಹಲ್ಲಿಗೆ ಧಾರಾಳ ಗ್ರೀಸ್ ಹಚ್ಚಿ, ಬೂಟ್ ಹರಿದಿದ್ದರೆ ಹೊಸದು ಹಾಕಿ. ಹರಿದ ಬೂಟಿನೊಳಗೆ ಹೊಕ್ಕ ಕೆಸರುನೀರೇ ಪಿನ್ ತಿನ್ನುವುದು.

ಗೇರ್‌ಬಾಕ್ಸ್ ಕಡೆಯ ದೋಷ

ಇಲ್ಲೂ ಒಳಗಿನದು ಕೊನೆಗೆ. ಲಿವರಿನಿಂದ ಒಂದು ಸಲಾಕೆ ಇಳಿದು ಗೇರ್‌ಬಾಕ್ಸಿನ ಪಕ್ಕದ ಸಣ್ಣ ತೋಳಿಗೆ ಸೇರುತ್ತದೆ. ಕ್ಲಿಪ್ ತೆಗೆದು ಸಲಾಕೆಯನ್ನು ತೋಳಿನಿಂದ ಬಿಡಿಸಿ, ತೋಳನ್ನು ಕೈಯಿಂದಲೇ ಆಚೀಚೆ ತಳ್ಳಿ ನೋಡಿ. ಎರಡು ಜಾಗದಲ್ಲಿ ಕಟ್ ಎಂದು ಗಟ್ಟಿಯಾಗಿ ಕೂತರೆ ಒಳಗೆ ಸರಿಯಿದೆ, ದೋಷ ಹೊರಗಿನ ಸಲಾಕೆಯಲ್ಲಿ. ಲಿವರಿನ ಬುಡದಲ್ಲಿ ಒಣಗಿದ ಕೆಸರು ತುಂಬಿ ಅರ್ಧ ದಾರಿಯಲ್ಲೇ ನಿಲ್ಲುತ್ತಿರಬಹುದು, ಸಲಾಕೆ ಬಾಗಿ ಗಿಡ್ಡವಾಗಿರಬಹುದು, ತೂತು ಸವೆದು ಮೊಟ್ಟೆಯಾಕಾರ ಆಗಿರಬಹುದು. ತೊಳೆದು, ನೇರ ಮಾಡಿ, ಗ್ರೀಸ್ ಕೊಟ್ಟು, ತೋಳು ಪೂರ್ತಿ ಕೂರುವಂತೆ ಸಲಾಕೆಯ ಉದ್ದ ಹೊಂದಿಸಿ. ಗಾಡಿಯಡಿ ಹಾದ ಕೊಂಬೆ, ಕೂಳೆ ತಾಗಿ ಈ ಸಲಾಕೆ ಬಾಗುವುದು ಬಹಳ.

ತೋಳು ಎಲ್ಲೂ ಕೂರದೆ ಸಡಿಲವಾಗಿ ಅಲ್ಲಾಡಿದರೆ ತೋಳನ್ನು ಒಳಗಿನ ಶಾಫ್ಟಿಗೆ ಹಿಡಿದ ಪಿನ್ ಮುರಿದಿದೆ, ಇಲ್ಲವೇ ಗೇರು ಕೂತಲ್ಲೇ ನಿಲ್ಲುವಂತೆ ತಡೆಯುವ ಗುಂಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಹೋಗಿದೆ. ಹಾಕಿದ ಫೋರ್ ವೀಲ್ ಹೊರೆ ಬಿದ್ದ ಕೂಡಲೇ ತಾನಾಗಿ ಕಳಚಿಕೊಳ್ಳುವುದಕ್ಕೂ ಮೊದಲ ಅನುಮಾನ ಈ ಗುಂಡು, ಸ್ಪ್ರಿಂಗಿನ ಮೇಲೆ. ಎರಡನೆಯದು ಬಾಗಿದ ಫೋರ್ಕ್. ಮೂರನೆಯದು ಜಾರುವ ಗೇರಿನ ಹಲ್ಲಿನ ಮೂಲೆ ಉರುಟಾಗಿರುವುದು. ಕಳಚುತ್ತದೆಂದು ಲಿವರನ್ನು ಹಗ್ಗ ಅಥವಾ ಸೈಕಲ್ ಟ್ಯೂಬಿನಿಂದ ಎಳೆದು ಕಟ್ಟಿ ಕೆಲಸ ಮುಗಿಸುವವರಿದ್ದಾರೆ. ಹಾಗೆ ಕಟ್ಟಿದಾಗ ಫೋರ್ಕ್ ಸುತ್ತುವ ಗೇರಿಗೆ ಸದಾ ಒತ್ತಿಕೊಂಡೇ ಇರುತ್ತದೆ. ಬಿಸಿಯಾಗಿ ಸವೆಯುತ್ತದೆ, ಆ ಪುಡಿ ಇಡೀ ಗೇರ್‌ಬಾಕ್ಸಿನ ಆಯಿಲಿಗೆ ಸೇರುತ್ತದೆ. ಹೆಚ್ಚಿನ ಗಾಡಿಯಲ್ಲಿ ಹೈಡ್ರಾಲಿಕ್ಕಿಗೂ ಅದೇ ಆಯಿಲ್.

ಹಲ್ಲು ಉರುಟಾಗುವುದು ಓಡುತ್ತಿರುವಾಗ, ಚಕ್ರ ಜಾರುತ್ತಿರುವಾಗ ಲಿವರ್ ಎಳೆಯುವುದರಿಂದ. ಹೂತ ಮೇಲೆ ಫೋರ್ ವೀಲ್ ಹಾಕುವುದಲ್ಲ, ಹುದುಲಿಗೆ ಇಳಿಯುವ ಮೊದಲು ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ಹಾಕಬೇಕು.

ಲಿವರಿನ ಬದಲು ಬಟನ್ ಇರುವ ಗಾಡಿಯಾದರೆ ಮೊದಲು ಫ್ಯೂಸ್, ಆಮೇಲೆ ವೈರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ನೋಡಿ.

ಎಲ್ಲ ಸರಿಯಿದ್ದೂ ಎಳೆಯದಿದ್ದರೆ: ಟೈರು

ಇದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಂದಿನ ಚಕ್ರ ಎಳೆಯಬೇಕಾದರೆ ಅದರ ಅಂಚು ಹಿಂದಿನದಕ್ಕಿಂತ ತುಸು ಹೆಚ್ಚು ವೇಗದಲ್ಲಿ ಓಡಬೇಕು, ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು. ಕಂಪನಿ ಗೇರು ಕೊರೆಯುವುದೇ ಆ ಗಾಡಿಯ ಎರಡು ಟೈರಿನ ಅಳತೆ ಹಿಡಿದು. ಟೈರಿನ ಅಳತೆ ಬದಲಾದರೆ ಈ ಮುನ್ನಡೆ ಕೆಡುತ್ತದೆ.

ಅಳೆಯುವ ರೀತಿ ಸುಲಭ. ಕಟಾವಾದ ಗಟ್ಟಿ ಗದ್ದೆ ಅಥವಾ ಜಲ್ಲಿ ಮಣ್ಣಿನ ನೇರ ದಾರಿ, 60 ಮೀಟರ್‌ನಷ್ಟು ಬೇಕು. ಟ್ರೈಲರ್, ರೋಟವೇಟರ್ ಏನೂ ಬೇಡ. ನಾಲ್ಕೂ ಟೈರಿಗೆ ಮ್ಯಾನ್ಯುಯಲ್ ಹೇಳಿದಷ್ಟು ಗಾಳಿ ತುಂಬಿ. ಹಿಂದಿನ ಒಂದು, ಮುಂದಿನ ಒಂದು ಟೈರಿನ ಪಕ್ಕಕ್ಕೆ ಸುಣ್ಣದ ಗೆರೆ ಎಳೆಯಿರಿ. ಫೋರ್ ವೀಲ್ ಇಲ್ಲದೆ, ನಡೆದು ಹೋಗುವಷ್ಟು ನಿಧಾನವಾಗಿ ಓಡಿಸಿ, ಹಿಂದಿನ ಚಕ್ರ ಸರಿಯಾಗಿ 20 ಸುತ್ತು ಹಾಕುವಾಗ ಮುಂದಿನದು ಎಷ್ಟು ಸುತ್ತು ಹಾಕಿತು ಎಂದು ಪಕ್ಕದಲ್ಲಿ ನಡೆಯುವವರು ಎಣಿಸಲಿ. ಗಾಡಿಯಿಂದ ಎರಡು ಮಾರು ದೂರ ಇರಲಿ. ಅದೇ ದಾರಿಯಲ್ಲಿ ಫೋರ್ ವೀಲ್ ಹಾಕಿ ಮತ್ತೆ ಎಣಿಸಿ.

ಹಿಂದೆ 8.3-20, ಮುಂದೆ 7-12 ಅಳತೆಯ ಟೈರಿನ ಗಾಡಿಯಲ್ಲಿ ಮೊದಲ ಸಲ 28.5, ಎರಡನೆಯ ಸಲ 29.25 ಸುತ್ತು ಬಂದಿತು ಎನ್ನಿ. ವ್ಯತ್ಯಾಸ 0.75. ಅದನ್ನು 28.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು ಶೇ. 2.6. ಇದು ಆರೋಗ್ಯದ ಲಕ್ಷಣ. ಎರಡೂ ಲೆಕ್ಕ ಒಂದೇ ಬಂದರೆ, ಅಥವಾ ಎರಡನೆಯದು ಕಡಿಮೆ ಬಂದರೆ, ಮುಂದಿನ ಚಕ್ರ ಎಳೆಯುವ ಬದಲು ತಾನೇ ಎಳೆಸಿಕೊಂಡು ಹೋಗುತ್ತಿದೆ.

ಹೀಗಾಗುವುದು ಯಾವಾಗ? ಹಿಂದೆ ಹೊಸ ಟೈರು ಹಾಕಿಸಿ ಮುಂದಿನದು ಸವೆದದ್ದೇ ಉಳಿದಾಗ. ಮುಂದೆ ಗಾಳಿ ಇಳಿದಾಗ. ಹಿಂದೆ ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರು ಹಾಕಿದಾಗ. ಇದಕ್ಕೆ ವಿರುದ್ಧವಾಗಿ ಹಿಂದಿನದು ಬೋಳಾಗಿ ಮುಂದೆ ಹೊಸದು ಬಂದರೆ ಮುನ್ನಡೆ ಶೇ. 5 ದಾಟಬಹುದು. ಆಗ ಗಾಡಿ ಎಳೆಯುತ್ತದೆ, ಆದರೆ ಲಿವರ್ ಪದೇ ಪದೇ ಬಿಗಿಯುತ್ತದೆ, ಮುಂದಿನ ಟೈರು ಬೇಗ ಸವೆಯುತ್ತದೆ, ಪಿನಿಯನ್ ಮೇಲೆ ಸದಾ ಹೊರೆ. ಟೈರಿನ ಮೇಲೆ ಬರೆದ ಅಳತೆ ಒಂದೇ ಇದ್ದರೂ ಬೇರೆ ಬೇರೆ ಕಂಪನಿಯ ಟೈರಿನ ಸುತ್ತಳತೆ ಒಂದೇ ಇರಬೇಕಿಲ್ಲ. ಹಾಗಾಗಿ ಟೈರು ಬದಲಿಸುವ ಮೊದಲು ಹಳೆಯದರ ಒಂದು ಸುತ್ತಿನ ಉದ್ದವನ್ನು ನೆಲದ ಮೇಲೆ ಅಳೆದು ಬರೆದಿಟ್ಟುಕೊಳ್ಳಿ.

ಆಕ್ಸಲಿನ ಒಳಗೆ

ಗುರುತು ಪರೀಕ್ಷೆ ಆಕ್ಸಲನ್ನೇ ತೋರಿಸಿದರೆ ಮೊದಲು ಆಯಿಲ್ ಇಳಿಸಿ. ಹೆಚ್ಚಿನ ಗಾಡಿಯಲ್ಲಿ ಎಡ ಬಲ ಎರಡೂ ಮೂಲೆಯ ತಳಕ್ಕೆ ಬೇರೆ ಬೇರೆ ಡ್ರೈನ್ ಬೋಲ್ಟ್ ಇರುತ್ತದೆ. ಎರಡು ಬೇರೆ ಬಾಣಲೆಗೆ ಇಳಿಸಿ, ಬೆರೆಸಬೇಡಿ. ಮ್ಯಾಗ್ನೆಟ್ ಆಡಿಸಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಹಜ ಸವೆತ. ಹೊಳೆಯುವ ಚಕ್ಕೆ, ಹಲ್ಲಿನ ತುಂಡು ಯಾವ ಬದಿಯ ಬಾಣಲೆಯಲ್ಲಿ ಸಿಕ್ಕಿತೋ ಆ ಬದಿಯ ಬೆವೆಲ್ ಗೇರನ್ನು ಮೊದಲು ತೆರೆಯಿರಿ. ಅಲ್ಲಿ ಎಲ್ಲ ಸರಿಯಿದ್ದರಷ್ಟೇ ನಡುವಿನ ಡಿಫರೆನ್ಷಿಯಲ್. ಕ್ರೌನ್ ವೀಲ್, ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು, ಸಂದು ಹೊಂದಿಸಲು ಕೊಡುವ ತೆಳು ಬಿಲ್ಲೆಗಳ (ಶಿಮ್) ಲೆಕ್ಕವೂ ತಪ್ಪಬಾರದು. ಇದು ಮನೆಯಂಗಳದ ಕೆಲಸವಲ್ಲ, ಅಳತೆಯ ಉಪಕರಣ ಇರುವ ವರ್ಕ್‌ಶಾಪಿಗೆ ಕೊಡಿ. ಬಿಡಿಭಾಗ ತರಿಸುವಾಗ ಮಾಡೆಲ್ ಹೆಸರಿನ ಜೊತೆ ಚಾಸಿ ನಂಬರ್ ಮತ್ತು ಟೈರಿನ ಅಳತೆಯನ್ನೂ ಹೇಳಿ. ಒಂದೇ ಮಾಡೆಲಿನಲ್ಲಿ ಟೈರಿಗೆ ತಕ್ಕಂತೆ ಆಕ್ಸಲ್ ಗೇರಿನ ಹಲ್ಲಿನ ಲೆಕ್ಕ ಬೇರೆ ಇರಬಹುದು.

ಆಕ್ಸಲ್ ಒಳಗಿನದು ಕೆಡುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ನೀರು. ರೋಟವೇಟರ್ ಹೊಡೆದು ಬಿಸಿಯಾದ ಆಕ್ಸಲ್ ತಣ್ಣನೆ ಕೆಸರುನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿಯಾಡಲು ಇರುವ ಸಣ್ಣ ತೂತಿನ ಬಿರಡೆ) ತೆರೆದಿದ್ದರೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಅದು ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ತುಟಿಯ ಪಕ್ಕದಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮತ್ತೆ ಬಿಸಿಯಾದಾಗ ಅದೇ ದಾರಿಯಲ್ಲಿ ಆಯಿಲ್ ಹೊರಗೆ ಬರುತ್ತದೆ. "ಸೀಲ್ ಎಷ್ಟು ಸಲ ಹಾಕಿದರೂ ಲೀಕ್" ಎನ್ನುವ ಗಾಡಿಯಲ್ಲಿ ಸೀಲಿಗಿಂತ ಮೊದಲು ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆದು ಊದಿ ನೋಡಬೇಕು.

ನೀರು ಹೊಕ್ಕಿದೆಯೇ ತಿಳಿಯಲು ಗಾಡಿಯನ್ನು ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿ. ಬೆಳಿಗ್ಗೆ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಆಗಲೇ ಕಲಸಿಹೋಗಿದೆ. ಪೂರ್ತಿ ಇಳಿಸಿ ಅದೇ ಗ್ರೇಡಿನ ಹೊಸ ಆಯಿಲ್ ಹಾಕಿ, ಇಪ್ಪತ್ತು ನಿಮಿಷ ನಿಧಾನ ಓಡಿಸಿ, ಮತ್ತೆ ಇಳಿಸಿ, ಮತ್ತೊಮ್ಮೆ ಹೊಸತು ತುಂಬಿ. ಖರ್ಚು ಅನ್ನಿಸಬಹುದು, ಆದರೆ ನೀರು ಉಳಿದ ಆಕ್ಸಲ್ ಮಳೆಗಾಲದಲ್ಲಿ ಒಂದು ತಿಂಗಳು ಸುಮ್ಮನೆ ನಿಂತರೂ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ಆಯಿಲ್ ಸಾಮಾನ್ಯವಾಗಿ 80ಡಬ್ಲ್ಯು-90 ಗೇರ್ ಆಯಿಲ್, ಕೆಲವು ಕಂಪನಿ ಗೇರ್‌ಬಾಕ್ಸಿನ ಆಯಿಲನ್ನೇ ಹೇಳುತ್ತವೆ. ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಸರಿ. ಪ್ರಮಾಣ ಹೆಚ್ಚಾಗಿ 3ರಿಂದ 6 ಲೀಟರ್ ಒಳಗೆ. ಗಟ್ಟಿ ಆಯಿಲ್ ಇಕ್ಕಟ್ಟಾದ ಕೊಳವೆಯಲ್ಲಿ ಆಚೆ ತುದಿಗೆ ಹರಿಯಲು ಹೊತ್ತು ಬೇಕು. ತುಂಬಿದ ಕೂಡಲೇ ಮಟ್ಟ ಸರಿ ಕಂಡರೂ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಖಂಡಿತ ಇಳಿದಿರುತ್ತದೆ. ಒಂದೇ ಸಲ ನೋಡಿ ಮುಚ್ಚಳ ಹಾಕಿದ ಗಾಡಿಯಲ್ಲಿ ಒಂದು ಬದಿಯ ಬೆವೆಲ್ ಗೇರ್ ಒಣಗಿಯೇ ಓಡುತ್ತಿರುತ್ತದೆ.

ಹಬ್ಬಿನ ಸೀಲ್ ಹೋದರೆ ರಿಮ್ಮಿನ ಒಳಮೈಯಲ್ಲಿ ಆಯಿಲ್ ಹಿಡಿದು ಅದಕ್ಕೆ ಮಣ್ಣು ಅಂಟಿ ಕಪ್ಪು ಬಳೆಯಂತೆ ಕಾಣುತ್ತದೆ. ತೋಟದಲ್ಲಿ ಓಡಾಡುವ ಗಾಡಿಯ ಸೀಲ್ ಹೋಗಲು ಸವೆತಕ್ಕಿಂತ ದೊಡ್ಡ ಕಾರಣ ಹಬ್ಬಿಗೆ ಸುತ್ತಿಕೊಳ್ಳುವ ನಾರು: ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಹರಿದ ಡ್ರಿಪ್ ಪೈಪು, ಸೋಗೆಯ ಸಿಬಿರು. ದಾರ ಬಿಗಿಯಾಗುತ್ತ ಹೋಗಿ ಸೀಲಿನ ತುಟಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ. ವಾರಕ್ಕೊಮ್ಮೆ ಚಕ್ರದ ಹಿಂದೆ ಕೈ ಹಾಕಿ ಬಿಡಿಸಿ. ಹೊಸ ಸೀಲ್ ಕೂರಿಸುವಾಗ ಅದು ತಿಕ್ಕುವ ಜಾಗದ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ, ತುಟಿ ಹೊಸ ಜಾಗ ಹಿಡಿಯಲಿ. ತುಟಿಗೆ ಗ್ರೀಸ್ ಸವರದೆ ಹಾಕಿದ ಸೀಲ್ ಮೊದಲ ಸುತ್ತಿನಲ್ಲೇ ಸುಡುತ್ತದೆ.

ಗದ್ದೆಯಿಂದ ಬಂದ ಕೂಡಲೇ ಬಿಸಿ ಆಕ್ಸಲಿಗೆ ನೀರು ಹೊಡೆಯಬೇಡಿ. ಅರ್ಧ ಗಂಟೆ ಬಿಟ್ಟು ತೊಳೆಯಿರಿ, ಪ್ರೆಷರ್ ವಾಷರಿನ ಮೂತಿಯನ್ನು ಸೀಲ್, ಬ್ರೀದರ್, ಶಾಫ್ಟಿನ ಬೂಟಿನ ಕಡೆಗೆ ನೇರ ಹಿಡಿಯಬೇಡಿ.